ಎತ್ತರದ ಅಳತೆಗೋಲು: ಹಂಪೆ–ಹೊಸಪೇಟೆಗಳ ನಿದರ್ಶನದಿಂದ ಒಂದು ವಿಮರ್ಶೆ

ಹಳೆಯ ವಸತಿಯ ನಡುವೆ ಎತ್ತರವಾದ ಹೊಸ ನಿರ್ಮಾಣವೊಂದು ತಲೆಯೆತ್ತಿದಾಗ ಎರಡು ಬಗೆಯ ಆಕ್ಷೇಪಗಳು ಹುಟ್ಟುತ್ತವೆ. ಮೊದಲನೆಯದು ನೋಡುವವನದು: ಅದು ದೃಶ್ಯವನ್ನು ಕೆಡಿಸುತ್ತದೆ ಎಂಬುದು. ಎರಡನೆಯದು ಅಲ್ಲಿ ವಾಸಿಸುವವನದು: ಗಾಳಿ, ಬೆಳಕು, ನೀರು, ದಾರಿ ಇವುಗಳಿಗೆ ಅದರಿಂದ ಕುಂದುಂಟಾಗುತ್ತದೆ ಎಂಬುದು. ಹಂಪೆಯ ರಕ್ಷಣೆಯನ್ನು ಕುರಿತ ಚರ್ಚೆಯಲ್ಲಿ ಮೊದಲನೆಯದಕ್ಕೆ ದೊರೆತ ಮನ್ನಣೆ ಎರಡನೆಯದಕ್ಕೆ ದೊರೆತಿಲ್ಲವೆಂಬುದು ನಮ್ಮ ಅಭಿಪ್ರಾಯ. ಅದನ್ನು ಕೆಲವು ನಿದರ್ಶನಗಳಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪೆಯು 1999ರಲ್ಲಿ ಅಪಾಯಕ್ಕೊಳಗಾದ ತಾಣಗಳ ಪಟ್ಟಿಗೂ ಸೇರಬೇಕಾಯಿತು. ತುಂಗಭದ್ರೆಗೆ ಅಡ್ಡಲಾಗಿ ಕಟ್ಟತೊಡಗಿದ್ದ ಎರಡು ತೂಗುಸೇತುವೆಗಳೇ ಅದಕ್ಕೆ ಮುಖ್ಯ ಕಾರಣ. ತಳವಾರಘಟ್ಟದ ಬಳಿ ಎದ್ದ ದೊಡ್ಡ ಸೇತುವೆ ಅಲ್ಲಿಯ ಬಂಡೆಗಳ ನಡುವೆ ಅಸಂಗತವಾಗಿ ಕಂಡಿತೆಂಬ ಮಾತು ಸುಳ್ಳಲ್ಲ. ಆದರೆ ಹರಿಗೋಲಿನಲ್ಲಿ ನದಿಯನ್ನು ದಾಟುತ್ತಿದ್ದ ಆನೆಗೊಂದಿಯವರಿಗೆ ಸೇತುವೆಯೆಂದರೆ ಬರಿಯ ನೋಟವಲ್ಲ. ಆಸ್ಪತ್ರೆಗೂ ಸಂತೆಗೂ ಕಾಲೇಜಿಗೂ ಹೋಗುವ ದಾರಿ. 2006ರಲ್ಲಿ ಹಂಪೆಯ ಹೆಸರನ್ನು ಅಪಾಯದ ಪಟ್ಟಿಯಿಂದ ತೆಗೆದರು. 2009ರ ಜನವರಿಯಲ್ಲಿ ಆ ಸೇತುವೆಯೇ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಮುಂದೆ ಬೇರೆ ಎಡೆಯಲ್ಲಿ, ಬುಕ್ಕಸಾಗರ–ಕಡೆಬಾಗಿಲುಗಳ ನಡುವೆ, ಸೇತುವೆಯಾಯಿತು. ನೋಟವನ್ನೂ ದಾರಿಯನ್ನೂ ಒಟ್ಟಿಗೆ ಕಾಪಾಡುವುದು ಅಸಾಧ್ಯವಲ್ಲವೆಂದು ಇದರಿಂದ ವಿದಿತವಾಗುತ್ತದೆ.

ದೃಶ್ಯದ ಅಳತೆಗೋಲು ಎತ್ತರವಾದುದನ್ನು ಮಾತ್ರವೇ ಅಳೆಯುವುದಿಲ್ಲ. 2011ರ ಜುಲೈಯಲ್ಲಿ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ಒತ್ತುವರಿಯೆಂದು ತೆರವುಗೊಳಿಸಲಾಯಿತು; ಅನೇಕ ಕುಟುಂಬಗಳಿಗೆ ಕಡ್ಡಿರಾಂಪುರದಲ್ಲಿ ನಿವೇಶನ ಗೊತ್ತಾಯಿತು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ತರುವಾಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಕೆಡವಲಾಯಿತು. ಕಾನೂನಿನ ದೃಷ್ಟಿಯಲ್ಲಿ ಎರಡೂ ಅನಧಿಕೃತವೇ. ಇತಿಹಾಸದ ದೃಷ್ಟಿಯಲ್ಲಿ ಮಾತ್ರ ಎರಡೂ ಒಂದಲ್ಲ. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ದೇವಾಲಯದ ಬಾಗಿಲ ಮುಂದೆ ಚೆಲುವಾದ ಮನೆಗಳ ಬೀದಿಯನ್ನೂ ಅಲ್ಲಿ ಯಾತ್ರಿಕರು ತಂಗುತ್ತಿದ್ದುದನ್ನೂ ವರ್ಣಿಸಿದ್ದಾನೆ. 2011ರ ನಿವಾಸಿಗಳು ಅಂದಿನವರ ಸಂತತಿಯೆಂದು ನಾವು ಹೇಳುತ್ತಿಲ್ಲ. ಬಜಾರಿನಲ್ಲಿ ವಸತಿಯೆಂಬುದು ಮೂಲಕ್ಕೆ ವಿರುದ್ಧವಾದ ಹೊಸ ಸಂಗತಿಯಲ್ಲವೆಂದಷ್ಟೇ ಹೇಳುತ್ತೇವೆ. ‘ಹಾಳು ಹಂಪೆ’ ಎಂಬ ರೂಢಿಯ ಮಾತು ಈ ಸಂಗತಿಯನ್ನು ಮರೆಸಿದೆ. ಊರು ಹಾಳೆಂದಾದ ಮೇಲೆ ಅಲ್ಲಿರುವವರು ಅತಿಕ್ರಮಿಗಳಾಗಿ ತೋರುವುದು ಸಹಜ.

ಎತ್ತರವೇ ಈ ನೆಲಕ್ಕೆ ಪರಕೀಯವೆಂಬ ವಾದವೂ ನಿಲ್ಲಲಾರದು. ವಿರೂಪಾಕ್ಷನ ಪೂರ್ವದ ಗೋಪುರ ಸುಮಾರು 50 ಮೀಟರು ಎತ್ತರದ್ದು. ಅದರ ಒಳಗಡೆಯ ಗೋಪುರವನ್ನೂ ರಂಗಮಂಟಪವನ್ನೂ ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಕಟ್ಟಿಸಿದನೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಅವೂ ಒಂದು ಕಾಲಕ್ಕೆ ಹೊಸ ಕಟ್ಟಡಗಳೇ. ರಾಯನು ಓಣಿಯವರ ಒಪ್ಪಿಗೆ ಕೇಳಿದನೆಂದು ಯಾರೂ ಹೇಳಲಾರರು. ಆದರೆ ಅಂದಿನ ನಿರ್ಮಾಪಕನು ಕೇಳದಿದ್ದುದು ಇಂದಿನ ಪ್ರಜಾಪ್ರಭುತ್ವಕ್ಕೆ ಮಾದರಿಯಾಗಬೇಕಾಗಿಲ್ಲ. 2022ರಲ್ಲಿ ಹೊಸಪೇಟೆಯಲ್ಲಿ 405 ಅಡಿ ಎತ್ತರದ ಧ್ವಜಸ್ತಂಭ ನಿಂತಿತು. ಕಿಷ್ಕಿಂಧೆಯಲ್ಲಿ 215 ಮೀಟರು ಎತ್ತರದ ಹನುಮಂತನ ಮೂರ್ತಿಯನ್ನು ನಿಲ್ಲಿಸುವ ಯೋಜನೆಯನ್ನು 2020ರಲ್ಲಿ ಟ್ರಸ್ಟೊಂದು ಸಾರಿತು. ಧ್ವಜದಲ್ಲಿ ಗೌರವವೂ ಹನುಮಂತನಲ್ಲಿ ಭಕ್ತಿಯೂ ಎಲ್ಲರಿಗೂ ಸಮಾನವೇ. ಆದರೆ ಎತ್ತರವನ್ನು ಹಿರಿಮೆಯಾಗಿ ಎಣಿಸುವಾಗ, ನೆರೆಯವರಿಗೆ ಅದರಿಂದ ಏನಾದೀತೆಂಬ ಪ್ರಶ್ನೆ ಹಿಂದೆ ಬೀಳುತ್ತದೆ.

ಕಾನೂನಿನ ಅಳತೆಯನ್ನೂ ನೋಡಬೇಕು. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದ 2010ರ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದಿಂದ 100 ಮೀಟರು ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ಹಂಪೆಯ ಪ್ರಾಧಿಕಾರದ ವ್ಯಾಪ್ತಿಯಲ್ಲಿ 29 ಗ್ರಾಮಗಳೂ ಸುಮಾರು 236 ಚದರ ಕಿಲೋಮೀಟರು ನೆಲವೂ ಇವೆ. ಈ ಬಿಗಿ ಇಲ್ಲದಿದ್ದರೆ ಹಂಪೆಯ ಬಹುಭಾಗ ಇಂದಿಗೆ ಉಳಿಯುತ್ತಿರಲಿಲ್ಲವೆಂಬ ವಾದವನ್ನು ನಾವು ಒಪ್ಪುತ್ತೇವೆ. ಆದರೆ ಈ ದೂರವೆಲ್ಲ ಕಲ್ಲಿನಿಂದ ಎಣಿಸಿದ್ದು. ನೆರೆಮನೆಯ ಅಂಗಳದಿಂದ ಎಣಿಸಿದ್ದಲ್ಲ. ಸ್ಮಾರಕವಿಲ್ಲದ ಹಳೆಯ ಓಣಿಗೆ ಇದರಿಂದ ರಕ್ಷೆಯಿಲ್ಲ. ಪೌರಸಂಸ್ಥೆಯ ಕಟ್ಟಡ ನಿಯಮಗಳು ರಸ್ತೆಯ ಅಗಲವನ್ನೂ ಬಿಡಬೇಕಾದ ಜಾಗವನ್ನೂ ನೋಡುತ್ತವೆ. ಓಣಿಯ ಜೀವನಕ್ರಮ ಅವುಗಳ ಲೆಕ್ಕಕ್ಕೆ ಬಾರದು.

ಹೊಸಪೇಟೆ, ಕಂಪ್ಲಿ, ಸಂಡೂರುಗಳ ಹಳೆಯ ಓಣಿಗಳಲ್ಲಿ ಆ ಜೀವನಕ್ರಮ ಮಾಳಿಗೆಯನ್ನು ಅವಲಂಬಿಸಿದ್ದು. ಬೇಸಗೆಯ ರಾತ್ರಿ ಮನೆಮಂದಿ ಮಲಗುವುದು ಅಲ್ಲಿ. ಮೆಣಸಿನಕಾಯಿ, ಹಪ್ಪಳ ಒಣಗುವುದು ಅಲ್ಲಿ. ಒಳಮನೆಗೆ ಬೆಳಕು ಇಳಿಯುವುದು ಅಲ್ಲಿಯ ಬೆಳಕಿಂಡಿಯಿಂದ. ಪಕ್ಕದಲ್ಲಿ ನಾಲ್ಕಂತಸ್ತು ಎದ್ದರೆ ಮಾಳಿಗೆ ಪರರ ಕಣ್ಣಿಗೆ ಬೀಳುತ್ತದೆ, ಬೆಳಕಿಂಡಿ ಮಂಕಾಗುತ್ತದೆ, ಒಂದು ಮನೆಗೆ ಸಾಲುತ್ತಿದ್ದ ಬೋರಿನ ನೀರನ್ನು ಹಲವು ಮನೆಗಳು ಹಂಚಿಕೊಳ್ಳಬೇಕಾಗುತ್ತದೆ. ಇವು ಸೌಂದರ್ಯದ ದೂರುಗಳಲ್ಲ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಅದರ ಕೇಂದ್ರವಾದುದರಿಂದ ಕಚೇರಿಗಳೂ ನೌಕರರೂ ಬರುವುದು ಅನಿವಾರ್ಯ; ಊರು ಬೆಳೆಯಲೇಬೇಕು. ಹಳೆಯ ಮನೆಯ ಒಡೆಯನೇ ಮಕ್ಕಳಿಗಾಗಿ ಮೇಲಂತಸ್ತು ಕಟ್ಟಲು ಬಯಸುವುದೂ ಉಂಟು. ಆದ್ದರಿಂದ ಎತ್ತರವನ್ನೆಲ್ಲ ತಡೆಯಬೇಕೆಂಬುದು ನಮ್ಮ ವಾದವಲ್ಲ. ಕಟ್ಟುವ ಮುನ್ನ ನೆರೆಯವನ ಮಾತಿಗೆ ದಾಖಲೆಯಲ್ಲಿ ಸ್ಥಾನ ಸಿಗಬೇಕೆಂಬುದು ಮಾತ್ರ.

ಈ ಕಾರ್ಯದಲ್ಲಿ ಇತಿಹಾಸ ವಿಭಾಗಗಳಿಗೆ ಒಂದು ಪಾಲಿದೆ. ಶಾಸನ, ಸ್ಮಾರಕಗಳ ಪಟ್ಟಿಗಳು ನಮ್ಮಲ್ಲಿ ಸಾಕಷ್ಟಿವೆ. ಓಣಿಗಳ ಪಟ್ಟಿ ಬೇಕಾಗಿದೆ. ಒಂದೊಂದು ಕಾಲೇಜಿನ ವಿದ್ಯಾರ್ಥಿಗಳು ಒಂದೊಂದು ಓಣಿಯ ಮನೆಗಳ ಕಾಲ, ಮಾಳಿಗೆ, ಬಾವಿ, ಕಟ್ಟೆ, ದಾರಿಹಕ್ಕು ಇವನ್ನು ಬರೆದಿಟ್ಟರೂ ಸಾಕು. ಹಳೆಯದೆಂದು ಕಾಗದದಲ್ಲಿ ಇಲ್ಲದ ವಸತಿಯ ಪರವಾಗಿ ನಾಳೆ ವಾದಿಸುವುದು ಯಾರಿಗೂ ಸುಲಭವಾಗದು.