ಹೆಬ್ಬೆಟ್ಟು ಮತ್ತು ಒಪ್ಪಿಗೆ

ಡಿಜಿಟಲ್ ಪಠ್ಯಪುಸ್ತಕವನ್ನು ಮೇಷ್ಟ್ರುಗಳು ಒಪ್ಪಿಕೊಂಡಿದ್ದಾರೋ ಇಲ್ಲವೋ ಎಂಬುದು ಈಗ ಒಂದು ಸಂಶೋಧನಾ ವಿಷಯ. ಪ್ರಶ್ನಾವಳಿ ಹಂಚುತ್ತಾರೆ, ಐದು ಚೌಕಗಳಲ್ಲಿ ಒಂದಕ್ಕೆ ಟಿಕ್ ಹಾಕಿ ಅಂತಾರೆ, ಪ್ರಬಂಧ ಬರೆಯುತ್ತಾರೆ. ಅವನ್ನು ಓದುವಾಗ ನಮಗೆ ‘ಒಪ್ಪಿಗೆ’ ಎಂಬ ಮಾತೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಅಜ್ಜಂದಿರು ಜೀತಕ್ಕೂ ಒಪ್ಪಿಕೊಂಡವರೇ. ಪತ್ರದ ಮೇಲೆ ಹೆಬ್ಬೆಟ್ಟಿನ ಗುರುತು ಇತ್ತು. ಅದರಲ್ಲಿ ಏನು ಬರೆದಿದೆ ಅಂತ ಓದಿ ಹೇಳಿದವರು ಸಾಲ ಕೊಟ್ಟ ಧಣಿಗಳೇ.

ಈ ಅಳತೆಗೋಲು ಎಲ್ಲಿಂದ ಬಂತು? 1989ರಲ್ಲಿ ಅಮೆರಿಕದ ಫ್ರೆಡ್ ಡೇವಿಸ್ ಎಂಬ ವಿದ್ವಾಂಸರು, ಕೆಲಸದ ಜಾಗಕ್ಕೆ ಕಂಪ್ಯೂಟರ್ ತಂದರೆ ಜನ ಬಳಸುತ್ತಾರೋ ಇಲ್ಲವೋ ಎಂದು ತಿಳಿಯಲು ಎರಡು ವಿಷಯ ಅಳೆದರು. ಇದು ಉಪಯೋಗಕ್ಕೆ ಬರುತ್ತದೆ ಅನ್ನಿಸುತ್ತದೆಯೇ? ಬಳಸೋಕೆ ಸುಲಭ ಅನ್ನಿಸುತ್ತದೆಯೇ? ಕಚೇರಿಗೆ ಇಷ್ಟು ಸಾಕಿರಬಹುದು. ಅದೇ ಕೋಲಿನಲ್ಲಿ ಪಠ್ಯಪುಸ್ತಕವನ್ನು ಅಳೆಯಲು ಹೊರಟರೆ? ಪುಸ್ತಕ ಬರೆದವರು ಯಾರು, ಅದರೊಳಗೆ ನಮ್ಮ ಜನ ಇದ್ದಾರಾ, ಮೇಷ್ಟ್ರು ಬೇಡ ಅಂದರೆ ಅವರ ಗತಿ ಏನು, ಇವಕ್ಕೆಲ್ಲ ಅಲ್ಲಿ ಚೌಕವೇ ಇಲ್ಲ. ಬೇಡ ಅಂದವರು ಕೊನೆಯ ಅಧ್ಯಾಯದಲ್ಲಿ ‘ತರಬೇತಿಯ ಅಗತ್ಯವಿರುವವರು’ ಆಗಿಬಿಡುತ್ತಾರೆ. ಪ್ರಶ್ನೆ ಕೇಳಿದವನಿಗೆ ಬುದ್ಧಿ ಸಾಲದು ಅನ್ನೋದು ನಮಗೆ ಹಳೇ ರಾಗ.

ಹೆಸರುಗಳನ್ನೂ ನೋಡಿ. 2017ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ವೇದಿಕೆಗೆ ‘ದೀಕ್ಷಾ’ ಅಂತ ಹೆಸರು. 2019ರ ಶಿಕ್ಷಕರ ತರಬೇತಿಗೆ ‘ನಿಷ್ಠಾ’. ಇಂಗ್ಲಿಷ್ ಅಕ್ಷರಗಳನ್ನು ಹೊಂದಿಸಿ ಹೊಂದಿಸಿ ಸಂಸ್ಕೃತ ಮಾಡಿದ್ದಾರೆ. ದೀಕ್ಷೆ ಎಂದರೆ ಗುರು ಕೊಡುವುದು, ಶಿಷ್ಯ ತಲೆಬಾಗಿ ತೆಗೆದುಕೊಳ್ಳುವುದು. ಅಲ್ಲಿ ಒಪ್ಪಿಗೆಯ ಮಾತು ಎಲ್ಲಿಂದ ಬಂತು? ಏಕಲವ್ಯನಿಗೆ ದೀಕ್ಷೆ ಸಿಗಲಿಲ್ಲ, ಅವನಿಂದ ನಿಷ್ಠೆ ಮಾತ್ರ ಕೇಳಿದರು. ಆಮೇಲಿನದ್ದು ಎಲ್ಲರಿಗೂ ಗೊತ್ತು.

ಈಗ ನಮ್ಮ ರಾಜ್ಯದ ಪಠ್ಯಪುಸ್ತಕಗಳಲ್ಲೂ ಕಪ್ಪು ಚುಕ್ಕಿಗಳ ಕ್ಯೂಆರ್ ಕೋಡ್ ಇದೆ. ಅದರ ಮೇಲೆ ಫೋನ್ ಹಿಡಿದರೆ ವಿಡಿಯೊ ಬರಬೇಕು. ಯಾರ ಫೋನ್? ಮೇಷ್ಟ್ರದ್ದು. ಯಾರ ಡೇಟಾ? ಅದೂ ಮೇಷ್ಟ್ರದ್ದೇ. ನಮಗೆ ಪರಿಚಯದ ಒಬ್ಬ ಮೇಡಂ ನಲವತ್ತು ಮಕ್ಕಳಿಗೆ ಅಂಗೈ ಅಗಲದ ಫೋನನ್ನು ಬೆಂಚಿನಿಂದ ಬೆಂಚಿಗೆ ದಾಟಿಸುತ್ತಾರೆ. “ಕೊನೇ ಬೆಂಚಿಗೆ ಹೋಗೋ ಹೊತ್ತಿಗೆ ಬೆಲ್ ಹೊಡೀತದೆ ಕಣಪ್ಪಾ” ಅಂದರು. ಕೊನೇ ಬೆಂಚಿನಲ್ಲಿ ಯಾರ ಮಕ್ಕಳು ಕೂತಿರ್ತಾರೆ ಅಂತ ನಾವು ಕೇಳಲಿಲ್ಲ. ಅದೇ ಮೇಡಂ ತರಬೇತಿಯ ಪ್ರಮಾಣಪತ್ರಕ್ಕಾಗಿ ವಿಡಿಯೊ ಓಡಲು ಬಿಟ್ಟು ಅನ್ನಕ್ಕಿಡುತ್ತಾರೆ. ಅನ್ನವೂ ಬೆಂದಿತು, ತರಬೇತಿಯೂ ಮುಗಿಯಿತು. ಲೆಕ್ಕದಲ್ಲಿ ಅವರು ಒಪ್ಪಿಕೊಂಡವರು.

2020ರಲ್ಲಿ ಶಾಲೆ ಮುಚ್ಚಿದಾಗ ಒಪ್ಪಿದವರು, ಒಪ್ಪದವರು ಅಂತ ಇರಲಿಲ್ಲ. ಇದ್ದವರು, ಇಲ್ಲದವರು ಅಂತಿತ್ತು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ನೂರರಲ್ಲಿ ಸುಮಾರು 15 ಮನೆಗಳಿಗೆ ಮಾತ್ರ ಇಂಟರ್ನೆಟ್ ಸೌಲಭ್ಯ. ಅದಕ್ಕೇ ಆ ಆಗಸ್ಟಿನಲ್ಲಿ ವಿದ್ಯಾಗಮ ಬಂತು, ಮೇಷ್ಟ್ರುಗಳೇ ಕೇರಿ ಕೇರಿಗೆ ಹೋದರು. ನಮ್ಮೂರಲ್ಲಿ ಪಾಠ ಶುರುವಾದದ್ದು ಗುಡಿ ಜಗಲಿಯ ಮೇಲೆ. ನಮ್ಮ ಕೇರಿ ಮಕ್ಕಳು ಜಗಲಿ ಕೆಳಗೆ ನಿಂತವು. ಎರಡು ದಿನ ನೋಡಿದ ಮೇಷ್ಟ್ರು ಮೂರನೇ ದಿನ ಯಾರಿಗೂ ಏನೂ ಹೇಳದೆ ಬೋರ್ಡು ಎತ್ತಿಕೊಂಡು ಹುಣಸೆಮರದ ಕೆಳಗೆ ಬಂದುಬಿಟ್ಟರು. ಎಲ್ಲ ಮಕ್ಕಳೂ ಹಿಂದೆ ಬಂದವು. ಈ ಕೆಲಸವನ್ನು ಯಾವ ಆಪ್ ಮಾಡುತ್ತದೆ? ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತಿತು.

ಈಗ ಹಳ್ಳಿಗೂ ಫೋನ್ ಬಂದಿದೆ, ಇಲ್ಲ ಅನ್ನೋದಿಲ್ಲ. ನಾವು ಫೋನಿನ ವೈರಿಗಳೂ ಅಲ್ಲ. ಲೈಬ್ರರಿ ಇಲ್ಲದ ಊರಲ್ಲಿ ನಾವೇ ಎಷ್ಟೋ ಪುಸ್ತಕ ಅದರಲ್ಲಿ ಓದಿದ್ದೇವೆ. ನಮ್ಮ ಅಂಜಿಕೆ ಬೇರೆ. 2022ರಲ್ಲಿ ಪರಿಷ್ಕೃತ ಪುಸ್ತಕಗಳು ಬಂದಾಗ ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಅಂಬೇಡ್ಕರರ ಹೆಸರಿನ ಜೊತೆಗಿದ್ದ ‘ಸಂವಿಧಾನ ಶಿಲ್ಪಿ’ ಎಂಬ ಮಾತು ಮಾಯವಾಗಿತ್ತು. ಜನ ಎದ್ದು ಕೇಳಿದರು. ಜೂನಿನಲ್ಲಿ ಸರ್ಕಾರ ಆ ಮಾತನ್ನು ಮತ್ತೆ ಸೇರಿಸಲು ಒಪ್ಪಬೇಕಾಯಿತು. ಅದೇ ಗಲಾಟೆಯಲ್ಲಿ ದೇವನೂರ ಮಹಾದೇವ ಹತ್ತನೇ ತರಗತಿಯ ತಮ್ಮ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನು ವಾಪಸ್ ಪಡೆದರು. ಒಪ್ಪಿಗೆ ಅಂದರೆ ಇದು, ವಾಪಸ್ ಪಡೆಯೋಕೆ ಬರುವಂಥದ್ದು.

ನಮ್ಮ ಮನೆಯ ಟ್ರಂಕಿನಲ್ಲಿ ತಂಗಿ ಓದಿದ ಹಿಂದಿನ ಪುಸ್ತಕ ಇತ್ತು. ಹೊಸದರ ಪಿಡಿಎಫ್ ವಾಟ್ಸಾಪಿನಲ್ಲಿ ಬಂತು. ಎರಡನ್ನೂ ಪಕ್ಕ ಪಕ್ಕ ಇಟ್ಟು ಬೆರಳಿಟ್ಟು ಓದಿದೆವು. ಟ್ರಂಕಿನ ಪುಸ್ತಕ ಇಲ್ಲದಿದ್ದರೆ? ಪುಸ್ತಕ ಪರದೆಯ ಮೇಲೆ ಮಾತ್ರ ಇದ್ದರೆ ರಾತ್ರಿ ಒಂದು ಪದ ತೆಗೆದಾಗ ಬೆಳಿಗ್ಗೆ ಅದು ಯಾವ ಮನೆಯಲ್ಲೂ ಉಳಿದಿರುವುದಿಲ್ಲ. ಗೊತ್ತಾಗುವುದು, ಆ ಪಾಠವನ್ನು ವರ್ಷ ವರ್ಷ ಮಾಡಿದ ಮೇಷ್ಟ್ರಿಗೆ ಮಾತ್ರ. ಅವರಿಗೆ ನಾವು ಕೇಳುತ್ತಿರುವುದು ಬಳಸೋಕೆ ಸುಲಭವೇ ಎಂದು!

ದಕ್ಷಿಣ ಕೊರಿಯಾ 2025ರ ಮಾರ್ಚಿನಲ್ಲಿ ಕೃತಕ ಬುದ್ಧಿಮತ್ತೆಯ ಡಿಜಿಟಲ್ ಪಠ್ಯಪುಸ್ತಕ ತಂದಿತು. ಶಿಕ್ಷಕರ ಸಂಘಗಳು ವಿರೋಧಿಸಿದವು, ಆಗಸ್ಟಿನಲ್ಲಿ ಅಲ್ಲಿನ ಸಂಸತ್ತು ಕಾನೂನು ತಿದ್ದಿ ಅದರ ಪಠ್ಯಪುಸ್ತಕದ ಸ್ಥಾನವನ್ನೇ ತೆಗೆಯಿತು. ಅಲ್ಲಿ ಯಂತ್ರಕ್ಕೆ ಬರವಿರಲಿಲ್ಲ, ಬೇಡ ಅಂದವರು ಯಂತ್ರ ಬಾರದ ದಡ್ಡರೂ ಅಲ್ಲ.

ಮೊನ್ನೆ ನಮ್ಮ ಗೆಳೆಯನೊಬ್ಬ ಇದೇ ವಿಷಯದ ಪ್ರಶ್ನಾವಳಿ ಹಿಡಿದು ಬಂದಿದ್ದ. ಅವನೂ ನಮ್ಮ ಕೇರಿಯವನೇ, ಫೆಲೋಶಿಪ್ ನಂಬಿಕೊಂಡವನು. ಬೈಯೋಕೆ ಮನಸ್ಸಾಗಲಿಲ್ಲ. ಹಾಳೆಯ ಹಿಂಬದಿ ಖಾಲಿ ಇತ್ತು. ಅಲ್ಲಿ ಬರೆದುಕೊಟ್ಟೆವು: ‘ಮೇಷ್ಟ್ರೇ, ನೀವು ಯಾವತ್ತಾದರೂ ಬೇಡ ಅಂದದ್ದುಂಟಾ? ಅಂದಾಗ ಏನಾಯ್ತು?’

“ಗೈಡು ಒಪ್ಪಬೇಕಲ್ಲೋ” ಅಂತ ಅವನು ಹಾಳೆ ಮಡಚಿ ಜೇಬಿಗಿಟ್ಟುಕೊಂಡ.