ಗಾಜಿನೊಳಗಣ ಮುಖಗಳು

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಗಾಜಿನ ಸಂಗ್ರಹದಲ್ಲಿ ಆಪ್ಸ್ಲಿ ಪೆಲ್ಯಾಟನ ಕಾರ್ಖಾನೆಯ ಕೃತಿಗಳಿವೆ. ಕಡೆದ ದಪ್ಪ ಗಾಜಿನ ಒಡಲಲ್ಲಿ ಬಿಳಿಯ ಮುಖವೊಂದು ಹುದುಗಿರುವುದು ಇವುಗಳ ವೈಶಿಷ್ಟ್ಯ. ಇಂಥವನ್ನು ‘ಸಲ್ಫೈಡ್’ ಎಂದು ಕರೆಯುವ ವಾಡಿಕೆಯುಂಟು. ಗಂಧಕದ ಸೋಂಕೇ ಇಲ್ಲದ ವಸ್ತುವಿಗೆ ಆ ಹೆಸರು ಅಂಟಿಕೊಂಡದ್ದು ವಿಚಿತ್ರವೇ ಸರಿ. ಇವನ್ನು ವ್ಯಕ್ತಿಚಿತ್ರಗಳೆಂದು ಬಗೆದು, ಮುಖ ಯಾರದು, ಹೋಲಿಕೆ ಎಷ್ಟು ಎಂದು ತೂಗುವುದು ಸಂಗ್ರಾಹಕರ ರೂಢಿ. ಆ ತೂಕದ ಕಲ್ಲೇ ಸರಿಯಾದುದಲ್ಲ.

ಹೋಲಿಕೆಯ ಕೀರ್ತಿ ಗಾಜುಗಾರನಿಗೆ ಸಲ್ಲತಕ್ಕದ್ದಲ್ಲ. ನೆಪೋಲಿಯನ್, ನಾಲ್ಕನೆಯ ಜಾರ್ಜ್ ಮೊದಲಾದವರ ಮುಖಗಳನ್ನು ಬಹುಮಟ್ಟಿಗೆ ಪದಕಗಳ ಮಾದರಿಯಿಂದಲೇ ತೆಗೆಯುತ್ತಿದ್ದರು. ಅದು ಪ್ರತಿಕೃತಿಯ ಪ್ರತಿಕೃತಿ. ಗಾಜುಗಾರನ ಸಿದ್ಧಿ ಬೇರೆಡೆ ಇದೆ. ಫ್ರಾನ್ಸಿನಲ್ಲಿ ಆಗಲೇ ನಡೆದಿದ್ದ ಈ ವಿದ್ಯೆಗೆ ಪೆಲ್ಯಾಟನು ಇಂಗ್ಲೆಂಡಿನಲ್ಲಿ 1819ರಲ್ಲಿ ಪೇಟೆಂಟು ಪಡೆದನು. 1849ರ ತನ್ನ ಗ್ರಂಥದಲ್ಲಿ ಅದರ ಕ್ರಮವನ್ನೂ ವಿವರಿಸಿದನು. ಜೇಡಿಮಣ್ಣು ಮರಳುಗಳ ಉಬ್ಬುಬಿಂಬವನ್ನು ಕೆಂಪಗೆ ಕಾಯಿಸಿ, ಕೊಳವೆಯ ತುದಿಯಲ್ಲಿರುವ ಬಿಸಿಗಾಜಿನ ಚೀಲದೊಳಕ್ಕೆ ಇಳಿಸಿ ಬಾಯಿ ಮುಚ್ಚುವರು. ಬಳಿಕ, ಊದುವುದೇ ಕಸುಬಾದವನು ಇಲ್ಲಿ ಉಸಿರನ್ನು ಒಳಗೆಳೆಯುವನು! ಗಾಜು ಕುಸಿದು ಬಿಂಬವನ್ನು ಅಪ್ಪುತ್ತದೆ. ತಣಿಯುವಾಗ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಇಡೀ ವಸ್ತು ಬಿರಿದೀತು.

ಆದರೆ ಗಾಳಿಯೆಲ್ಲವೂ ಹೊರಬರುವುದಿಲ್ಲ. ಬಿಂಬಕ್ಕೂ ಗಾಜಿಗೂ ನಡುವೆ ಅತಿ ತೆಳುವಾದ ವಾಯುಪದರವೊಂದು ಉಳಿಯುತ್ತದೆ. ಓರೆಯಾಗಿ ಬಿದ್ದ ಬೆಳಕು ಆ ಪದರವನ್ನು ದಾಟಲಾರದೆ ಸಂಪೂರ್ಣವಾಗಿ ಪ್ರತಿಫಲಿಸುವುದರಿಂದ ಮಣ್ಣಿನ ಮುಖ ಬೆಳ್ಳಿಯಾಗುತ್ತದೆ. ನೇರವಾಗಿ ನೋಡಿದೊಡನೆ ಮತ್ತೆ ಸುಣ್ಣದಂತೆ ಮಂಕಾಗುತ್ತದೆ. ಈ ಕಲೆಯ ಜೀವವಿರುವುದು ಮಣ್ಣಿನಲ್ಲೂ ಅಲ್ಲ, ಗಾಜಿನಲ್ಲೂ ಅಲ್ಲ, ಕೆಲಸಗಾರನ ಉಸಿರಿಗೆ ನಿಲುಕದೆ ಉಳಿದ ಆ ಗಾಳಿಯಲ್ಲಿ.

ಹೀಗಿರಲಾಗಿ ಮುಖದ ಮುಂದಿನ ಗಾಜನ್ನು ನಯವಾಗಿ ಬಿಟ್ಟು, ಅಂಚಿನಲ್ಲಷ್ಟೇ ವಜ್ರಾಕಾರವಾಗಿ ಕಡೆದ ಪೆಲ್ಯಾಟನ ಸುಗಂಧದ ಶೀಸೆಗಳೇ ಉತ್ತಮವೆನ್ನಬೇಕು. ಮೈಯೆಲ್ಲ ಮುಖಬಿಲ್ಲೆಗಳನ್ನು ಕೊರೆದು ಒಂದೇ ಮುಖವನ್ನು ಹತ್ತಾಗಿ ತೋರಿಸುವ ಫ್ರೆಂಚ್ ಪೇಪರ್‌ವೇಟುಗಳದು ಜಾತ್ರೆಯ ಬೆರಗು, ಅಷ್ಟೆ. ಇಂಥ ವಸ್ತುವನ್ನು ಕಪಾಟಿನಲ್ಲಿ ಅಲುಗದಂತೆ ನಿಲ್ಲಿಸಿ ನೇರ ಬೆಳಕು ಬಿಟ್ಟರೆ ನೋಡುಗನಿಗೆ ದೊರೆಯುವುದು ಪದಕದ ನಕಲು ಮಾತ್ರ. ದೀಪವನ್ನು ಪಕ್ಕಕ್ಕೆ ಸರಿಸಿ, ನೋಡುಗನು ಸುತ್ತ ನಡೆಯುವಷ್ಟು ಎಡೆ ಕೊಡುವುದು ಕಷ್ಟದ ಕೆಲಸವೇನಲ್ಲ. ಚೀಟಿಯಲ್ಲಿ ಅರಸನ ಹೆಸರಿರುತ್ತದೆ, ಪೇಟೆಂಟಿನಲ್ಲಿ ಪೆಲ್ಯಾಟನದು. ಸೌತ್‌ವಾರ್ಕಿನ ಆ ಕಾರ್ಖಾನೆಯಲ್ಲಿ ಉಸಿರೆಳೆದವನ ಹೆಸರು ಗಾಜಿನ ಮೇಲೆ ಎಲ್ಲಿಯೂ ಇಲ್ಲ.