ಮಿಂಚುಳ್ಳಿ ಬಣ್ಣದ ಬಟ್ಟಲು

ಕೊರಿಯಾದ ಸೆಲಡಾನ್ ಪಿಂಗಾಣಿಯನ್ನು ಹೊಗಳುವವರೆಲ್ಲ ಅದರ ಬಣ್ಣವನ್ನು ಹೊಗಳುತ್ತಾರೆ. ಅದರಲ್ಲಿ ಉಂಡವರು ಏನೆಂದರು, ಉಂಡಮೇಲೆ ಅದನ್ನು ತೊಳೆದವರು ಏನೆಂದರು ಎಂಬುದನ್ನು ಯಾರೂ ಕೇಳುವಂತೆ ಕಾಣುವುದಿಲ್ಲ. ನನ್ನ ಕುತೂಹಲವೆಲ್ಲ ಅಲ್ಲೇ.

ಬಣ್ಣವೇನೋ ಸಾಮಾನ್ಯದ್ದಲ್ಲ, ಒಪ್ಪುತ್ತೇನೆ. ಗೊರ್ಯೊ ಅರಸರ ಕಾಲದಲ್ಲಿ (918–1392) ಅರಳಿದ ಕಲೆ ಇದು. 1123ರಲ್ಲಿ ರಾಯಭಾರಿಗಳ ಜೊತೆ ಅಲ್ಲಿಗೆ ಬಂದ ಚೀನಾದ ಷೂ ಜಿಂಗ್, ಅಲ್ಲಿಯ ಜನ ಈ ಹಸಿರನ್ನು ಮಿಂಚುಳ್ಳಿಯ ಬಣ್ಣವೆನ್ನುತ್ತಾರೆಂದು ಬರೆದಿಟ್ಟ. ಗಾಜಿನಂಥ ಆ ಲೇಪದಲ್ಲಿ ಬಣ್ಣ ತರುವುದು ಚೂರು ಕಬ್ಬಿಣದ ಅಂಶ. ಆವಿಗೆಗೆ ಗಾಳಿ ತಗ್ಗಿಸಿ ಸುಟ್ಟರೆ ಹಸಿರು. ಗಾಳಿ ನುಗ್ಗಿತೋ, ಹಳದಿ, ಕಂದು. ಒಗ್ಗರಣೆ ಒಂದು ಗಳಿಗೆ ತಡವಾದರೆ ಏನಾಗುತ್ತದೆಂದು ಬಲ್ಲವರಿಗೆ ಆ ಕುಂಬಾರನ ಎದೆಬಡಿತವನ್ನು ಬಿಡಿಸಿ ಹೇಳಬೇಕಿಲ್ಲ.

ಅರ್ಧ ಒಣಗಿದ ಮಣ್ಣಿನಲ್ಲಿ ಚಿತ್ರ ಕೊರೆದು, ಗೆರೆಗಳಿಗೆ ಬಿಳಿ ಮಣ್ಣು, ಕೆಂಪು ಮಣ್ಣು ತುಂಬಿ ಸುಡುವ ಸಾಂಗ್‌ಗಾಮ್ ಕಸುಬು ಇನ್ನೂ ಹೆಸರಾದದ್ದು. ಸುಟ್ಟಾಗ ಕೆಂಪು ಕಪ್ಪಾಗುತ್ತದೆ. ಸೋಲ್‌ನ ಗಾನ್‌ಸೊಂಗ್ ಸಂಗ್ರಹದಲ್ಲಿರುವ ಹೂಜಿಯ ಮೇಲೆ ಮೋಡಗಳ ನಡುವೆ ಹಾರುವ ಕ್ರೌಂಚಗಳಿಗೆ ನಿಜಕ್ಕೂ ಆಕಾಶವಿದೆ. ಅದೇ ಕ್ರೌಂಚಗಳನ್ನು ಚಹಾದ ಬಟ್ಟಲು, ಚಮಚದ ತಟ್ಟೆ, ಎಲ್ಲದರ ಮೇಲೂ ಕೂರಿಸಿ ಮಾರುವುದು ನನಗೆ ಸಹಿಸದು. ಊಟದ ಪಾತ್ರೆಯಲ್ಲಿ ಚಿತ್ರ ಬಿಡಿಸಬೇಕಾದದ್ದು ಊಟ. ಮೆಣಸಿನ ಪುಡಿಯಲ್ಲಿ ಕೆಂಪಗೆ ನೆನೆದ ಕಿಮ್ಚಿಯನ್ನು ಏನೂ ಬರೆಯದ ಹಸಿರು ತಟ್ಟೆಯಲ್ಲಿಡಿ, ಆಗ ಗೊತ್ತಾಗುತ್ತದೆ. ತೀರ ಬೋಳು ಬೇಡವೆಂದರೆ ಹೊರಮೈಯಲ್ಲಿ ಕಮಲದ ದಳ ಕೆತ್ತಿದ್ದು ಸಾಕು. ಲೇಪ ಆ ತಗ್ಗುಗಳಲ್ಲಿ ನಿಂತು, ಅಲ್ಲಿ ಮಾತ್ರ ಕೆರೆಯ ನೀರಿನಂತೆ ಗಾಢವಾಗುತ್ತದೆ.

ಇದೆಲ್ಲ ಅರಮನೆಯ ಕಪಾಟಿಗೆಂದೇ ಹುಟ್ಟಿದ್ದೆಂದು ತಿಳಿಯಬೇಡಿ. 2007ರಲ್ಲಿ ಕೊರಿಯಾದ ಪಶ್ಚಿಮ ಕರಾವಳಿಯ ತೇಆನ್ ಬಳಿ ಮೀನುಗಾರನೊಬ್ಬ ಮೇಲಕ್ಕೆಳೆದ ಪುಟ್ಟ ಆಕ್ಟೋಪಸ್ಸಿನ ಜೊತೆ ಸೆಲಡಾನ್ ಪಾತ್ರೆಯೊಂದು ಅಂಟಿಕೊಂಡು ಬಂತು. ಹುಡುಕಿದರೆ ತಳದಲ್ಲಿ 12ನೇ ಶತಮಾನದ ಹಡಗು! ದಕ್ಷಿಣದ ಗಾಂಗ್‌ಜಿನ್‌ನಿಂದ ರಾಜಧಾನಿಗೆ ಹೊರಟಿದ್ದ 20,000ಕ್ಕೂ ಹೆಚ್ಚು ಪಾತ್ರೆಗಳು. ಬಹುಪಾಲು ಬಟ್ಟಲು, ತಟ್ಟೆಗಳೇ. ಉಳ್ಳವರ ಮನೆಗೇ ಹೊರಟಿದ್ದವು, ನಿಜ. ಆದರೂ ಉಣ್ಣಲು ಹೊರಟಿದ್ದವು.

ಕೊರಿಯಾದವರು ಅನ್ನದ ಬಟ್ಟಲನ್ನು ಕೈಗೆತ್ತಿಕೊಂಡು ಉಣ್ಣುವುದಿಲ್ಲ. ಎಡಕ್ಕೆ ಅನ್ನ, ಬಲಕ್ಕೆ ಸಾರು, ಲೋಹದ ಚಮಚ, ಕಡ್ಡಿಗಳು. ಆದ್ದರಿಂದ ಬಟ್ಟಲು ಭಾರವಿದ್ದರೆ ಉಣ್ಣುವವನಿಗೆ ಅಡ್ಡಿಯಿಲ್ಲ, ಅಲುಗದೆ ಕೂತಿರುತ್ತದೆ. ಭಾರ ಗೊತ್ತಾಗುವುದು ಎತ್ತಿ ತೊಳೆಯುವವಳಿಗೆ. ಸುತ್ತ ಬಾಂಚಾನ್ ಎಂಬ ನೆಂಚಿಕೆಗಳು ಬೇರೆ, ಒಂದೊಂದಕ್ಕೂ ಒಂದೊಂದು ಕಿರುತಟ್ಟೆ. ಹಬ್ಬದಡುಗೆಯಲ್ಲಿ ಸೊಸೆಯಂದಿರಿಗೆ ಬರುವ ಬಳಲಿಕೆ, ಬೇಗುದಿಗೆ ಅಲ್ಲಿ 'ಹಬ್ಬದ ಕಾಯಿಲೆ' ಎಂಬರ್ಥದ ಮಾತೇ ಚಾಲ್ತಿಯಲ್ಲಿದೆ. ಕಲೆಯ ಪುಸ್ತಕಗಳ ಹೊಳಪು ಹಾಳೆಗಳಲ್ಲಿ ಹರಡಿದ ಹನ್ನೆರಡು ತಟ್ಟೆಗಳನ್ನು ನೋಡುವಾಗ ನನ್ನ ಕಣ್ಣು ಅಡುಗೆಮನೆಯ ತೊಟ್ಟಿಯತ್ತ ಹೋಗುತ್ತದೆ. ಏನು ಮಾಡಲಿ, ಅಭ್ಯಾಸ.

ಹಾಗೆಂದು ಇವನ್ನು ಗಾಜಿನ ಬೀರುವಿಗೆ ಹಾಕಿ ಬೀಗ ಜಡಿಯಿರೆಂದು ನಾನು ಹೇಳುತ್ತಿಲ್ಲ. ಅತಿಥಿಗೆ ಚೆಂದದ್ದು, ಮನೆಯಾಕೆಗೆ ನೆಗ್ಗಿದ ತಟ್ಟೆ ಎಂಬ ನ್ಯಾಯ ನಮಗೂ ಹೊಸದಲ್ಲವಲ್ಲ! ಸೋಲ್‌ಗೆ ಹತ್ತಿರದ ಇಚೋನ್ ಊರಿನಲ್ಲಿ 20ನೇ ಶತಮಾನದಲ್ಲಿ ಯು ಗುನ್‌ಹ್ಯೊಂಗರಂಥವರು ಪಟ್ಟುಹಿಡಿದು ಈ ಕಸುಬಿಗೆ ಮರುಜೀವ ಕೊಟ್ಟದ್ದು ಬೀಗದ ಕೈ ತಿರುವಲಿಕ್ಕಲ್ಲ. ಹನ್ನೆರಡು ಬೇಡ, ಇಬ್ಬರಿಗೆ ನಾಲ್ಕು ಸಾಕು. ಲೇಪದಲ್ಲಿ ಕೂದಲೆಳೆಯ ಬಿರುಕುಗಳ ಜಾಲವಿದ್ದರೆ ನೋಡಲು ಸೊಗಸು, ಆದರೆ ಎಣ್ಣೆ, ಅರಿಸಿನ ಅದರೊಳಗಿಳಿದು ಕಲೆಯಾದೀತು, ಅಂಥದ್ದು ಹಣ್ಣಿಗಿರಲಿ. ಕೊಳ್ಳುವ ಮುಂಚೆ ಬಟ್ಟಲನ್ನು ಬೋರಲು ಹಾಕಿ ಪಾದದಂಚಿನ ಮೇಲೆ ಬೆರಳಾಡಿಸಿ. ತರಿತರಿಯಾಗಿದ್ದರೆ ಪೇರಿಸಿಟ್ಟಾಗ ಕೆಳಗಿನ ಬಟ್ಟಲನ್ನು ಅದು ಗೀರುತ್ತದೆ.